ಮುಖಕ್ಕೆ ಹಚ್ಚುವ ಹಿಟ್ಟು

ಆವತ್ತಿನ ಬೆಳಗೂ ಉಳಿದ ಬೆಳಗುಗಳ ಹಾಗೆಯೇ ಶುರುವಾಗಿತ್ತು. ನಲ್ಲಿಯಲ್ಲಿ ನೀರು ನಿಲ್ಲುವ ಮೊದಲು ಹಂಡೆ, ಕೊಳಗ, ಕೊನೆಗೆ ಪೂಜೆಯ ತಂಬಿಗೆಯನ್ನೂ ತುಂಬಿಸಿಟ್ಟೆ. ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿ ಹಾಕುವಾಗ, ಎದುರಿನ ಖಾಲಿ ಸೈಟಿನಲ್ಲಿ ಮೇಯುತ್ತಿದ್ದ ಎಮ್ಮೆ ತಲೆಯೆತ್ತಿ, ನಾನು ಒಂದು ಚುಕ್ಕಿ ತಪ್ಪಿದ್ದನ್ನು ಕಂಡುಹಿಡಿದವರ ಹಾಗೆ ನೋಡಿತು. ಜಯನಗರದಲ್ಲಿ ಆಗ ಮನೆಗಳಿಗಿಂತ ಸೈಟುಗಳೇ ಹೆಚ್ಚು. ನಮ್ಮ ಬೀದಿಯ ಕೊನೆಯಲ್ಲಿ ನಿಂತರೆ ರಾಗಿ ಹೊಲ ಕಾಣುತ್ತಿತ್ತು. ನೆಂಟರು ಬಂದರೆ, "ಗಾಳಿ ಬೆಳಕಿಗೇನೂ ಕಡಿಮೆಯಿಲ್ಲ ಬಿಡಿ," ಎನ್ನುತ್ತಿದ್ದರು. ಬೇರೆ ಎಲ್ಲದಕ್ಕೂ ಕಡಿಮೆ ಎಂದು ಅದರ ಅರ್ಥ.

ಒಳಗೆ ಬಂದು, ಡಿಕಾಕ್ಷನ್ ಇಳಿಯಲೆಂದು ಫಿಲ್ಟರಿನ ತಲೆಗೆ ಬೆರಳಿನಿಂದ ತಟ್ಟುತ್ತಿದ್ದೆ. ನಮ್ಮವರು ಅಡುಗೆಮನೆಯ ಕಿಟಕಿಗೆ ಕನ್ನಡಿ ನೇತುಹಾಕಿ, ಅರ್ಧ ಮುಖಕ್ಕೆ ನೊರೆ ಬಳಿದುಕೊಂಡು, ಉಳಿದರ್ಧ ಮುಖದಿಂದ ಕಾಫಿ ಕೇಳುತ್ತಿದ್ದರು. ಆಗ ಬಚ್ಚಲುಮನೆಯಿಂದ ಒಂದು ಸದ್ದು ಬಂತು. ತಗಡಿನ ಡಬ್ಬದ ತಳವನ್ನು ಚಮಚದಿಂದ ಕೆರೆಯುವ ಸದ್ದು.

"ಅಕ್ಕಾ," ಎಂದು ಒಳಗಿನಿಂದ ಪದ್ಮ ಕೂಗಿದಳು. "ಇನ್ನೊಂದು ಚಿಟಿಕೆ ಇರಬಹುದು ಅಷ್ಟೆ. ಎತ್ತಿಡ್ಲಾ?"

"ಎತ್ತಿಡು. ಇವತ್ತು ಸೋಪು ಹಚ್ಕೋ," ಎಂದೆ.

ಪದ್ಮ ನನ್ನ ತಂಗಿ. ಅಮ್ಮ ಹೋದ ಮೇಲೆ ಅಪ್ಪ ಹಳೇ ಮನೆ ಬಿಟ್ಟು ಅವಳನ್ನು ಕರೆದುಕೊಂಡು ನಮ್ಮಲ್ಲಿಗೇ ಬಂದಿದ್ದರು. ವರ್ಷ ತುಂಬಿದ ಮೇಲೆ ಅವಳ ಮದುವೆ ಗೊತ್ತಾಗಿ, ಅಪ್ಪ ಲಗ್ನಪತ್ರಿಕೆ ಹಂಚಲು ಮೈಸೂರಿನ ಕಡೆ ಹೋಗಿದ್ದರು. ಅವಳು ಕೆರೆಯುತ್ತಿದ್ದದ್ದು ಅಮ್ಮ ಮಾಡಿಟ್ಟಿದ್ದ ಹಿಟ್ಟಿನ ಡಬ್ಬ.

ಈ ಹಿಟ್ಟಿಗೆ ನಮ್ಮ ಮನೆಯಲ್ಲಿ ಬೇರೆ ಹೆಸರಿರಲಿಲ್ಲ. ಅಡುಗೆಮನೆಯಲ್ಲಿದ್ದರೆ ತಿನ್ನುವ ಹಿಟ್ಟು, ಬಚ್ಚಲಲ್ಲಿದ್ದರೆ ಮುಖಕ್ಕೆ ಹಚ್ಚುವ ಹಿಟ್ಟು. ಜಾಗ ನೋಡಿಯೇ ತಿಳಿದುಕೊಳ್ಳಬೇಕು. ಸೋಪು ನಮ್ಮ ಮನೆಯಲ್ಲಿ ಗಂಡಸರ ಪದಾರ್ಥವಾಗಿತ್ತು; ಅಪ್ಪ ಕಚೇರಿಗೆ ಹೋಗುವ ಮನುಷ್ಯರಾದ್ದರಿಂದ ಅವರಿಗೆ ಒಂದು ಬಿಲ್ಲೆ. ನಮಗೆ ಹಿಟ್ಟು. ಅದರ ಡಬ್ಬ ಯಾವುದೋ ಕಾಲದ ಬಿಸ್ಕತ್ತಿನದು. ಮುಚ್ಚಳದ ಮೇಲೆ ಹಿಮ ಬಿದ್ದ ಬೀದಿ, ಕುದುರೆ ಗಾಡಿ, ತುಪ್ಪಳದ ಕೋಟು ತೊಟ್ಟ ಹೆಂಗಸು. ಆ ಹೆಂಗಸಿನ ಮುಖ ಮಾತ್ರ ನಮ್ಮ ಒದ್ದೆ ಬೆರಳು ತಾಕಿ ತಾಕಿ ಅಳಿಸಿಹೋಗಿತ್ತು. ಅವಳೂ ದಿನಾ ಹಿಟ್ಟು ಹಚ್ಚಿಕೊಂಡು ಸವೆದಿದ್ದಾಳೆ ಎಂದು ಚಿಕ್ಕಂದಿನಲ್ಲಿ ನಾನು ನಂಬಿದ್ದೆ.

ನನ್ನನ್ನು ಕಾನ್ವೆಂಟಿಗೆ ಸೇರಿಸಿದ ಮೊದಲ ವರ್ಷ ಈ ಹಿಟ್ಟಿನಿಂದಲೇ ನನಗೆ ಒಂದು ದಿನ ರಜೆ ಸಿಕ್ಕಿತ್ತು. ಬೆಳಗಿನ ಪ್ರಾರ್ಥನೆಗೆ ಸಾಲಾಗಿ ನಿಂತಿದ್ದೆವು. ನಮ್ಮ ಕ್ಲಾಸಿನ ಸಿಸ್ಟರ್, ಐರ್ಲೆಂಡಿನವರು, ಊರಿಗೆ ಹೊಸಬರು, ನನ್ನ ಮುಂದೆ ನಿಂತು ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಕಣ್ಣಿನ ರೆಪ್ಪೆ ಎಳೆದು ನೋಡಿದರು. ನಾಲಿಗೆ ಚಾಚು ಎಂದರು. ಹತ್ತಿರದ ಇನ್ನೊಬ್ಬ ಸಿಸ್ಟರನ್ನು ಕರೆದು ಇಂಗ್ಲಿಷಿನಲ್ಲಿ ಏನೋ ಪಿಸುಗುಟ್ಟಿದರು. ನನಗೆ ತಿಳಿದ ಪದ ಒಂದೇ, ಜಾಂಡೀಸ್. ಆಯಾ ಜೊತೆ ಮಾಡಿ ಮನೆಗೆ ಕಳಿಸಿದರು. ಅಮ್ಮ ಬಾಗಿಲಲ್ಲೇ ವಿಷಯ ಕೇಳಿ, ಸೆರಗಿನ ಚುಂಗನ್ನು ಒದ್ದೆ ಮಾಡಿ ನನ್ನ ಕಿವಿಯ ಹಿಂದೆ, ಮೂಗಿನ ಪಕ್ಕ ಒರೆಸಿ, ಹಳದಿಯಾದ ಆ ಚುಂಗನ್ನೇ ಆಯಾಗೆ ತೋರಿಸಿ, "ನೋಡಿ, ಕಾಮಾಲೆ ಇಲ್ಲಿ ಬಂತು," ಎಂದಳು. ಆಯಾ ತಮಿಳಿನಲ್ಲಿ ನಕ್ಕಳು. ಹಾಗೆನ್ನಬಹುದೋ ಇಲ್ಲವೋ ಗೊತ್ತಿಲ್ಲ, ಅವಳ ನಗೆಯೂ ನನಗೆ ತಮಿಳಿನ ಹಾಗೇ ಕೇಳುತ್ತಿತ್ತು.

ಮರುದಿನದಿಂದ ನಾನು ಮುಖ ತೊಳೆಯುವುದರಲ್ಲಿ ಬಹಳ ಎಚ್ಚರ. ಆದರೂ ಡೊರೀನ್ ಕಂಡುಹಿಡಿದಳು. ಡೊರೀನ್ ನನ್ನ ಬೆಂಚಿನವಳು, ರಿಚ್‌ಮಂಡ್ ಟೌನಿನ ಆಂಗ್ಲೋ-ಇಂಡಿಯನ್ ಹುಡುಗಿ, ಕೆನ್ನೆ ತುಂಬ ಕಂದು ಚುಕ್ಕೆ. ನನ್ನ ಹತ್ತಿರ ಬಾಗಿ ಮೂಸಿ, ನೀನು ಯಾವಾಗಲೂ ಏನೋ ತಿಂದುಬಂದವಳ ಹಾಗೆ ವಾಸನೆ ಬರುತ್ತೀಯಲ್ಲ, ಏನದು ಎಂದು ಕೇಳಿದಳು. ಅವಳ ಚುಕ್ಕೆಗಳು ಹೋಗಬಹುದೆಂಬ ಆಸೆಯಿಂದ ನಾನು ಒಂದು ಕಾಗದದ ಪೊಟ್ಟಣದಲ್ಲಿ ಹಿಟ್ಟು ತಂದುಕೊಟ್ಟೆ. ಮನೆಯಲ್ಲಿ ಅವಳ ತಾಯಿ ಅದನ್ನು ಕಡಲೆಹಿಟ್ಟು ಎಂದುಕೊಂಡು, ಶುಕ್ರವಾರದ ಮೀನನ್ನು ಅದರಲ್ಲಿ ಹೊರಳಿಸಿ ಕರಿದರಂತೆ. ತುಂಬ ರುಚಿಯಾಗಿತ್ತು, ಸ್ವಲ್ಪ ಚರ್ಚಿನ ವಾಸನೆ ಇತ್ತು ಅಷ್ಟೆ, ಇನ್ನಷ್ಟು ಸಿಗುತ್ತದಾ ಎಂದು ಸೋಮವಾರ ಕೇಳಿದಳು. ಅಮ್ಮನಿಗೆ ಇದನ್ನು ಹೇಳಲೋ ಬೇಡವೋ ಎಂದು ಯೋಚಿಸಿ ಕೊನೆಗೆ ಹೇಳಿದೆ. ಮೀನು ಎಂದ ಕೂಡಲೇ ಮುಖ ಹಿಂಡಿದವಳು, ರುಚಿಯಾಗಿತ್ತಂತೆ ಎಂದ ಮೇಲೆ, "ಮತ್ತೆ? ಒಳ್ಳೇ ಸಾಮಾನು ಹಾಕಿದ್ದೀನಿ," ಎಂದಳು.

ಏನೇನು ಸಾಮಾನು ಎಂದು ಒಂದು ಸಲ ನಾನು ಕೇಳಿಯೂ ಇದ್ದೆ. ಮದುವೆಯಾಗಿ ಮೊದಲ ಬಾರಿಗೆ ತವರಿಗೆ ಬಂದಾಗ. ಅಮ್ಮ ಮೊರದಲ್ಲಿ ಕಡಲೆಬೇಳೆ ಕೇರುತ್ತಾ, ಕೈ ನಿಲ್ಲಿಸದೆ ಹೇಳಿದಳು. ಮುಖದ ಜಿಡ್ಡು ತೆಗೆಯೋದಕ್ಕೆ ಕಡಲೆ. ಕಡಲೆಯೊಂದೇ ಆದರೆ ಚರ್ಮ ಬಿಗಿಯುತ್ತೆ, ಅದನ್ನು ಮೆತ್ತಗೆ ಮಾಡೋದಕ್ಕೆ ಹೆಸರುಬೇಳೆ. ಸ್ವಲ್ಪ ಮೆಂತ್ಯ, ಅದು ನೀರು ಬಿದ್ದರೆ ಲೋಳೆಯಾಗುತ್ತೆ, ಹಿಟ್ಟು ಜಾರೋದಕ್ಕೆ ಬೇಕು. ಕೊಡಗಿನ ಕಿತ್ತಳೆ ಬರುವ ಕಾಲಕ್ಕೆ ಒಂದು ಸಿಪ್ಪೆಯನ್ನೂ ಎಸೀಬೇಡ, ನೆರಳಲ್ಲಿ ಒಣಗಿಸು. ಬಿಸಿಲಿಗೆ ಹಾಕಿದರೆ ಬಣ್ಣ ಹೋಗಿ ಬರೀ ಕಹಿ ಉಳಿಯುತ್ತೆ. ಗುಲಾಬಿ ಬೇಗೂರಿನ ಕಡೆಯಿಂದ ಹೂವು ತರ್ತಾಳಲ್ಲ, ಅವಳ ಹತ್ತಿರ ನಾಟಿ ಗುಲಾಬೀನೇ ತಗೋ. ದೊಡ್ಡ ಹೂವು ನೋಡೋದಕ್ಕೆ ಮಾತ್ರ. ಕಸ್ತೂರಿ ಅರಿಶಿನ, ಕಚೋರ, ಲಾವಂಚದ ಬೇರು ಚಿಕ್ಕಪೇಟೆಯ ಗ್ರಂಥಿಗೆ ಅಂಗಡಿಯಲ್ಲಿ. ಅಷ್ಟೆ.

"ಎಷ್ಟೆಷ್ಟು ಅಮ್ಮ?"

"ಎಷ್ಟು ಬೇಕೋ ಅಷ್ಟು."

ಇದು ನಮ್ಮಮ್ಮನ ಅಳತೆ. ಇದನ್ನು ನಂಬಿಕೊಂಡೇ ನಾನು ಹುಳಿ, ಸಾರು, ಸಂಸಾರ ಎಲ್ಲ ಕಲಿತದ್ದು.

ಪದ್ಮನ ಮದುವೆ ಗೊತ್ತಾದಾಗ ಅವಳು ಏನನ್ನೂ ಬೇಕೆಂದು ಕೇಳಲಿಲ್ಲ. ಸೀರೆ ನೀನೇ ಆರಿಸು ಅಕ್ಕ ಎಂದಳು. ಒಡವೆ ಅಪ್ಪ ಹೇಳಿದ್ದೇ ಆಗಲಿ ಎಂದಳು. ಅಮ್ಮ ಹೋದ ದಿನ ಬಂದವರಿಗೆಲ್ಲ ಚಾಪೆ ಹಾಸಿ, ನೀರು ಕೊಟ್ಟು, ಅಪ್ಪನ ಔಷಧಿ ನೆನಪಿಟ್ಟುಕೊಂಡು ಕೊಟ್ಟವಳು ಅವಳೇ. ಆವತ್ತಿನಿಂದ ನಾನು ಅವಳ ಕಣ್ಣಲ್ಲಿ ನೀರು ನೋಡಿರಲಿಲ್ಲ. ನೋಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಒಂದು ಸಂಜೆ ಮಾತ್ರ ತಲೆ ಬಾಚಿಸಿಕೊಳ್ಳುತ್ತಾ, ನನಗೆ ಬೆನ್ನು ಹಾಕಿಕೊಂಡೇ ಹೇಳಿದಳು:

"ಅಕ್ಕ, ನಿಂಗೆ ಎಣ್ಣೆನೀರು ಹಾಕಿದ್ದು ಅಮ್ಮ. ನಂಗೆ ನೀನು ಹಾಕ್ತೀಯ. ಅದೇನೂ ಬೇಜಾರಿಲ್ಲ. ಆದ್ರೆ ಅವತ್ತು ಅಮ್ಮನ ಹಿಟ್ಟೇ ಹಚ್ಚು. ಅದೇ ವಾಸನೆ ಬರಬೇಕು. ಕಣ್ಣು ಮುಚ್ಕೊಂಡು ಕೂತಿರ್ತೀನಿ."

ನಮ್ಮಲ್ಲಿ ಮದುವೆಗೆ ಮೊದಲು ಹುಡುಗಿಗೆ ಎಣ್ಣೆ ಒತ್ತಿ, ಹಿಟ್ಟು ಹಚ್ಚಿ ನೀರು ಹಾಕುವ ಶಾಸ್ತ್ರ. ನನಗೆ ಅಮ್ಮ ಹಾಕಿದ ಆ ನೀರು ನೆನಪಿದೆ. ಹಬೆಯಲ್ಲಿ ಅವಳ ಮುಖ ಕಾಣುತ್ತಿರಲಿಲ್ಲ. ಬಳೆ ಸದ್ದು ಮತ್ತು ಆ ವಾಸನೆ, ಎರಡರಿಂದಲೇ ಅವಳು ಎಲ್ಲಿದ್ದಾಳೆ ಎಂದು ತಿಳಿಯಬೇಕಾಗಿತ್ತು. ಪದ್ಮ ಕೇಳುತ್ತಿದ್ದದ್ದು ಏನೆಂದು ನನಗೆ ಚೆನ್ನಾಗಿ ಗೊತ್ತಾಯಿತು. ಬಾಚಣಿಗೆ ಅವಳ ಜಡೆಯಲ್ಲೇ ನಿಂತಿತು.

ಡಬ್ಬದಲ್ಲಿ ಉಳಿದದ್ದು ಎಣ್ಣೆನೀರಿಗೆ ಸಾಲುವಷ್ಟಿರಲಿಲ್ಲ. ಅಮ್ಮನ ಬಾಯಿಂದ ಕೇಳಿದ್ದೇನಲ್ಲ, ಮಾಡುವುದೇನು ಮಹಾ, ಎಂದುಕೊಂಡೆ. ಮೊದಲ ಸಲ ಸ್ವಲ್ಪವೇ ಸಾಮಾನು ಒರಳಲ್ಲಿ ಕುಟ್ಟಿ ಮಾಡಿದೆ. ಕಸ್ತೂರಿ ಅರಿಶಿನ ಮನೆಯಲ್ಲಿರಲಿಲ್ಲ, ಅರಿಶಿನ ಅರಿಶಿನವೇ ತಾನೆ ಎಂದು ಅಡುಗೆಯದನ್ನೇ ಹಾಕಿದೆ. ಪದ್ಮ ಮುಖ ತೊಳೆದು ಬಂದಾಗ ಕುಂಬಳದ ಹೂವಿನ ಹಾಗಿದ್ದಳು. ಸೋಪು ಹಚ್ಚಿದರೂ ಹೋಗಲಿಲ್ಲ. ಅದೇ ಸಂಜೆ ಗಂಡಿನ ಕಡೆಯ ಸೋದರತ್ತೆ ಹೇಳದೆ ಕೇಳದೆ ಬಂದುಬಿಟ್ಟರು. ಅವರು ಅವಳನ್ನು ಕಣ್ತುಂಬ ನೋಡಿ, "ಹುಡುಗಿಗೆ ಆಗಲೇ ಮದುವೆ ಕಳೆ ಬಂದಿದೆ," ಎಂದು ಮೆಚ್ಚಿಕೊಂಡು ಹೋದರು. ಅವರು ಗೇಟು ದಾಟುವವರೆಗೆ ಪದ್ಮ ನನ್ನ ಕಡೆ ನೋಡಲಿಲ್ಲ, ನಾನು ಅವಳ ಕಡೆ ನೋಡಲಿಲ್ಲ.

ಎರಡನೆಯ ಸಲ ಕಸ್ತೂರಿ ಅರಿಶಿನವನ್ನೇ ತರಿಸಿ ಮಾಡಿದೆ. ಬಣ್ಣ ಹಿಡಿಯಲಿಲ್ಲ, ಪರಿಮಳವೂ ಬಂತು. ಆದರೆ ಅಮ್ಮನದಲ್ಲ. ಏನು ತಪ್ಪಿದೆ ಎಂದು ನಾನು ವಿದ್ಯಾವಂತೆಯ ರೀತಿಯಲ್ಲಿ ವಿಚಾರ ಮಾಡಲು ಹೊರಟೆ. ಒಂದು ಭಾನುವಾರ ಬಿಳಿ ಕಾಗದದ ಮೇಲೆ ಎರಡು ಹಿಟ್ಟನ್ನೂ ಹರಡಿ, ನಮ್ಮವರು ನಕ್ಷೆ ನೋಡಲು ಇಟ್ಟುಕೊಂಡಿದ್ದ ಭೂತಗನ್ನಡಿ ಹಿಡಿದು ಕೂತೆ. ಅಮ್ಮನದರಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಕಂದು ಚೂರು ಇತ್ತು. ಕಿತ್ತಳೆ ಸಿಪ್ಪೆ ಎಂದುಕೊಂಡೆ. ಕಾನ್ವೆಂಟಿನ ಸೈನ್ಸ್ ಕ್ಲಾಸು ನೆನಪಾಗಿ, ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೋಡಿನ್ ಬಾಟಲಿ ತಂದು ಅಮ್ಮನ ಹಿಟ್ಟಿನ ಮೇಲೆ ಒಂದು ಹನಿ ಬಿಟ್ಟೆ. ಹಿಟ್ಟು ನೀಲಿಗೆ ತಿರುಗಿತು.

"ಏನು ಗೊತ್ತಾಯ್ತು?" ಎಂದು ನಮ್ಮವರು ಪತ್ರಿಕೆ ಇಳಿಸಿ ಕೇಳಿದರು.

"ಪಿಷ್ಟ ಇದೆ."

"ಅಂದ್ರೆ?"

"ಅಂದ್ರೆ... ಹಿಟ್ಟಿದೆ."

"ಹಿಟ್ಟಲ್ಲಿ ಹಿಟ್ಟಿದೆ," ಎಂದು ಅವರು ಗಂಭೀರವಾಗಿ ತಲೆಯಾಡಿಸಿ ಮತ್ತೆ ಪತ್ರಿಕೆ ಎತ್ತಿಕೊಂಡರು. ಅದರ ಹಿಂದೆ ಹೊಟ್ಟೆ ಕುಲುಕುವುದು ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ, "ಡಬ್ಬದ ತುಕ್ಕಿನ ವಾಸನೆ ಇರಬೇಕು ಕಣೇ. ಹೊಸ ಹಿಟ್ಟನ್ನ ಅದರಲ್ಲೇ ಹಾಕಿಡು," ಎಂದರು. ಅಮ್ಮನದನ್ನು ಪೊಟ್ಟಣಕ್ಕೆ ತೆಗೆದಿಟ್ಟು, ಹಾಗೆ ಹಾಕಿಟ್ಟೂ ನೋಡಿದೆ. ಹಂಡೆ ಒಲೆಯ ಹೊಗೆ ಇರಬಹುದೆಂದು ಒಂದು ರಾತ್ರಿ ಹಿಟ್ಟಿನ ಗಂಟನ್ನು ಒಲೆಯ ಪಕ್ಕ ನೇತುಹಾಕಿದೆ. ಬೆಳಿಗ್ಗೆ ಅದು ಹೊಗೆಸೊಪ್ಪಿನ ಹಾಗೆ ನಾತ ಹೊಡೆಯಿತು.

ಕೊನೆಗೆ ನನಗೆ ಹೊಳೆದದ್ದು, ಅಮ್ಮ ಒರಳಲ್ಲಿ ಕುಟ್ಟುತ್ತಿರಲಿಲ್ಲ, ಮಿಲ್ಲಿನಲ್ಲಿ ಬೀಸಿಸುತ್ತಿದ್ದಳು ಎಂಬುದು. ನುಣುಪಾದರೆ ವಾಸನೆ ಬೇರೆಯಾದೀತು. ಹೀಗಾಗಿ ಸಾಮಾನೆಲ್ಲ ಹೊಸದಾಗಿ ತಂದು, ಮಹಡಿಯ ಮೇಲೆ ಒಣಗಿಸಿ, ಹಿಂದಿನ ರಾತ್ರಿಯೇ ಚೀಲದಲ್ಲಿ ಕಟ್ಟಿಟ್ಟಿದ್ದೆ. ಪದ್ಮ ಡಬ್ಬ ಕೆರೆದ ಆ ಬೆಳಿಗ್ಗೆ ನಮ್ಮವರು ಕೆಲಸಕ್ಕೆ ಹೊರಟ ಮೇಲೆ ಚೀಲ ತೆಗೆದುಕೊಂಡು ಕನಕನಪಾಳ್ಯದ ಮಿಲ್ಲಿಗೆ ಹೊರಟೆ.

ಆ ಮಿಲ್ಲಿನ ದಾರಿಯಲ್ಲಿ ನಡೆದರೆ ನನಗೆ ಇವತ್ತಿಗೂ ಫ್ರಾಕು ತೊಟ್ಟ ಹಾಗನಿಸುತ್ತದೆ. ಅಮ್ಮ ಬುಟ್ಟಿ ಹಿಡಿದು ಮುಂದೆ, ನಾನು ಹಿಂದೆ, ನನ್ನ ಬೆರಳು ಹಿಡಿದು ಪದ್ಮ. ದೂರದಿಂದಲೇ ಮಿಲ್ಲಿನ ಟುಕ್ ಟುಕ್ ಸದ್ದು. ಒಳಗೆ ಹೋದರೆ ಗೋಡೆ, ಜೇಡರ ಬಲೆ, ಬೀಸುವವನ ಹುಬ್ಬು ಎಲ್ಲ ಒಂದೇ ಬಿಳುಪು. ಆಗ ಅಲ್ಲಿದ್ದದ್ದು ಒಂದೇ ಕಲ್ಲು. ರಾಗಿ, ಗೋಧಿ, ಸೀಗೆಕಾಯಿ, ಮೆಣಸಿನಕಾಯಿ ಎಲ್ಲವೂ ಸರದಿ ಪ್ರಕಾರ ಅದೇ ಕಲ್ಲಿನ ಬಾಯಿಗೆ.

ಒಂದು ದೀಪಾವಳಿಗೆ ಮೊದಲು ಅಮ್ಮನ ಹಿಟ್ಟು ಯಾರದೋ ಮೆಣಸಿನಪುಡಿಯ ಹಿಂದೆ ಬಿತ್ತು. ನೀರು ತುಂಬುವ ಹಬ್ಬದ ಮರುದಿನ ನಸುಕಿನಲ್ಲಿ ಮನೆಮಂದಿಗೆಲ್ಲ ಎಣ್ಣೆಸ್ನಾನ. ಹಬ್ಬವೆಂದು ಆ ದಿನ ಅಪ್ಪನೂ ಸೋಪು ಬಿಟ್ಟು ಹಿಟ್ಟು ಹಚ್ಚಿಕೊಂಡರು. ಮೊದಲು ಹೊರಬಂದವರೂ ಅವರೇ. ಕಣ್ಣು ಬಿಡದೆ, ಗೋಡೆ ತಡವುತ್ತಾ, "ಲೇ, ನೀರು, ತಣ್ಣೀರು," ಎಂದರು. ಬೆಳಗಾಗುವಷ್ಟರಲ್ಲಿ ನಾವೆಲ್ಲ ಒದ್ದೆ ಟವಲು ಮುಖಕ್ಕೆ ಹಾಕಿಕೊಂಡು ಹಜಾರದಲ್ಲಿ ಸಾಲಾಗಿ ಮಲಗಿದ್ದೆವು. ಹಬ್ಬಕ್ಕೆ ಬಂದಿದ್ದ ಸೋದರಮಾವ ಮಾತ್ರ ಇನ್ನೂ ಸ್ನಾನ ಮಾಡಿರಲಿಲ್ಲ. ಅವರು ಸಾಲಿನ ಉದ್ದಕ್ಕೂ ನಡೆದು, ಒಬ್ಬೊಬ್ಬರ ಟವಲು ಎತ್ತಿ ನೋಡಿ, "ಅಕ್ಕಯ್ಯ, ಖಾರ ಸರಿಯಾಗಿದೆ, ಒಗ್ಗರಣೆ ಒಂದು ಹಾಕಿಬಿಡು," ಎಂದರು. ಅಮ್ಮ ಅವರ ಜೊತೆ ಭಾವನ ಬಿದಿಗೆಯವರೆಗೂ ಮಾತಾಡಲಿಲ್ಲ.

ಅದಾದ ಮೇಲೆ ಮಿಲ್ಲಿನಲ್ಲಿ ಅಮ್ಮನ ನಡವಳಿಕೆಯೇ ಬದಲಾಯಿತು. ಸರದಿ ಬಂದರೂ ಬುಟ್ಟಿ ಕೊಡುತ್ತಿರಲಿಲ್ಲ. ಹಿಂದಿನವರ ಚೀಲ ನೋಡಿ, "ನಿಮ್ಮದೇನು? ಗೋಧಿನಾ? ಹೋಗಿ, ನೀವು ಹಾಕಿಸಿ," ಎನ್ನುವಳು. ಅವರ ಹಿಂದಿನವರಿಗೂ, "ನೀವೂ ಹೋಗಿ, ನಂಗೇನು ಆತುರ," ಎನ್ನುವಳು. ಎಲ್ಲರೂ ಅವಳನ್ನು ಒಳ್ಳೆಯವಳೆಂದು ಹೊಗಳುವರು. ನನಗೂ ಪದ್ಮನಿಗೂ ಕಾಲು ನೋವು. ಹಳ್ಳಿಯ ಹೆಂಗಸರು ಯಾರಾದರೂ ಹುರಿಹಿಟ್ಟು ಬೀಸಿಸಲು ಬಂದಾಗ ಮಾತ್ರ ನಮಗೆ ಸುಖ. ರಾಗಿಯನ್ನು ಬಿಸಿ ಮರಳಲ್ಲಿ ಅರಳಿಸಿ ಬೀಸಿದ ಹಿಟ್ಟು ಅದು. ಅವರು ಒಂದು ಚಿಟಿಕೆಯನ್ನು ಬಿಸಿಬಿಸಿಯಾಗಿ ನಮ್ಮ ಅಂಗೈಗೆ ಹಾಕುವರು. ಅದನ್ನು ನೆಕ್ಕಿ ಮುಗಿಸುವಷ್ಟರಲ್ಲಿ ಅಮ್ಮನ ಕೆಲಸವೂ ಮುಗಿದು, ನಾವು ಮನೆಯ ದಾರಿ ಹಿಡಿದಿರುತ್ತಿದ್ದೆವು.

ಆ ಬೆಳಿಗ್ಗೆ ನಾನು ಹೋದಾಗ ಮಿಲ್ಲು ಬದಲಾಗಿತ್ತು. ಖಾರದ್ದಕ್ಕೆ ಬೇರೆ ಮೆಷಿನ್ನು, ಸೀಗೆಕಾಯಿಗೆ ಬೇರೆ. ಅಮ್ಮನ ಹಾಗೆ ಕಾಯುವ ಗೋಳಿಲ್ಲ ಎಂದು ಸಂತೋಷವಾಯಿತು. ಹಿಟ್ಟಿನ ಕಲ್ಲಿನ ಮುಂದೆ ಇದ್ದವರು ಒಬ್ಬರೇ, ನಮ್ಮ ಪಕ್ಕದ ಮನೆಯ ಗೌರಮ್ಮ. ನಮ್ಮ ಬೀದಿಯಿರುವ ಜಾಗವೆಲ್ಲ ಒಂದು ಕಾಲಕ್ಕೆ ಅವರ ಮನೆತನದ ಹೊಲವಾಗಿತ್ತು. ಈಗ ಎರಡು ಮನೆ ಬಾಡಿಗೆಗೆ ಕೊಟ್ಟು, ಮೂರನೆಯದರಲ್ಲಿ ತಾವಿದ್ದು, ಬೀದಿಯನ್ನು ಇನ್ನೂ ಹೊಲದ ಹಾಗೇ ಕಾಯುತ್ತಿದ್ದರು. ಯಾರ ಮನೆಯ ಕಸ ಎಲ್ಲಿ ಬಿತ್ತು ಎಂದು ಅವರಿಗೆ ತಿಳಿಯದೆ ಇರುತ್ತಿರಲಿಲ್ಲ.

"ಏನ್ ಕಮಲಮ್ಮ, ಬೆಳಬೆಳಗ್ಗೆ," ಎಂದರು.

"ಪದ್ಮನ ಎಣ್ಣೆನೀರಿಗೆ ಹಿಟ್ಟು ಬೀಸಿಸ್ಬೇಕು ಗೌರಮ್ಮ. ಅಡುಗೆ ಇನ್ನೂ ಆಗಿಲ್ಲ. ನಂದು ಮೊದಲು ಹಾಕಿಸಿಬಿಡ್ಲಾ?"

ನಿಜವಾಗಿ ಅಡುಗೆ ಆಗಿತ್ತು. ಬೀಸುವವನು ಆಗಷ್ಟೇ ಕಲ್ಲು ಬಿಚ್ಚಿ, ಗುಡಿಸಿ, ಒರೆಸಿ ಜೋಡಿಸಿದ್ದನ್ನು ನಾನು ನೋಡಿದ್ದೆ. ಹಾಗೆ ಚೊಕ್ಕಟವಾದ ಕಲ್ಲಿಗೆ ಮೊದಲು ನನ್ನ ಹಿಟ್ಟೇ ಬೀಳಬೇಕು, ಯಾರದೂ ಬೆರೆಯಬಾರದು ಎಂದು ಆಸೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮ್ಮ ಉಗುರುಗಳನ್ನು ನೋಡಿ ನೋಡಿ ಕಲಿಸಿದ ಶುಚಿ ಅದು, ಬಿಡುವುದಿಲ್ಲ.

"ಹೂಂ, ಹಾಕಿಸ್ಕಳಿ. ಮದ್ವೆ ಮನೆಯೋರು," ಎಂದು ಗೌರಮ್ಮ ತಮ್ಮ ಚೀಲ ಹಿಂದಕ್ಕೆ ಎಳೆದುಕೊಂಡರು.

ಬಿಸಿಯಾದ ಹಿಟ್ಟು ಮಡಿಲಲ್ಲಿಟ್ಟುಕೊಂಡ ಮಗುವಿನ ಹಾಗೆ ತೂಗುತ್ತಿತ್ತು. ಮನೆಗೆ ತಂದು, ತೆಳುಬಟ್ಟೆಯಲ್ಲಿ ಸೋಸಿ, ಆರಲು ಬಿಟ್ಟು, ಮಧ್ಯಾಹ್ನ ಊಟವಾದ ಮೇಲೆ ಪದ್ಮನನ್ನು ಕರೆದೆ. ಅವಳು ಮೊದಲು ಅಮ್ಮನ ಡಬ್ಬದ ಮುಚ್ಚಳ ತೆಗೆದು ಮೂಸಿದಳು, ಆಮೇಲೆ ಇದನ್ನು. ಮತ್ತೆ ಅದನ್ನು, ಮತ್ತೆ ಇದನ್ನು.

"ಚೆನ್ನಾಗಿದೆ ಅಕ್ಕ," ಎಂದಳು.

ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಹಾಗೆನ್ನುತ್ತಾರೆ.

"ಆದ್ರೆ ಏನು? ಹೇಳು."

"ಏನಿಲ್ಲ. ಅಮ್ಮಂದರಲ್ಲಿ ಒಂಥರಾ ಬೆಚ್ಚಗಿರೋ ವಾಸನೆ ಇತ್ತು. ಇದು ಬರೀ ಪರಿಮಳ." ಆಮೇಲೆ ನನ್ನ ಮುಖ ನೋಡಿ, "ಪರವಾಗಿಲ್ಲ ಬಿಡಕ್ಕ. ಹಿಟ್ಟು ತಾನೆ. ಇದೇ ಹಚ್ಚು," ಎಂದು ಡಬ್ಬದ ಮುಚ್ಚಳ ಒತ್ತಿ ಮುಚ್ಚಿ, ಬಚ್ಚಲ ಗೂಡಿನಲ್ಲಿ ಇಟ್ಟುಬಂದಳು. ಅಪ್ಪನ ಪಂಚೆಗಳನ್ನು ಮಡಿಸತೊಡಗಿದಳು. ಚಾಪೆ ಹಾಸಿ, ನೀರು ಕೊಡುತ್ತಿದ್ದ ಆ ದಿನದ ಮುಖವೇ ಮತ್ತೆ ಬಂದಿತ್ತು. ನನಗೆ ಅದನ್ನು ನೋಡಲಾಗಲಿಲ್ಲ. ಹಿತ್ತಿಲಿಗೆ ಹೋಗಿ, ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಾ ಬಹಳ ಹೊತ್ತು ನಿಂತೆ. ಗಿಡಕ್ಕೆ ಅಷ್ಟು ನೀರು ಬೇಕಿರಲಿಲ್ಲ.

ಅಮ್ಮ ಏನನ್ನೋ ಹೇಳದೆ ಬಿಟ್ಟಳೇ? ಬಚ್ಚಿಡುವ ಸ್ವಭಾವ ಅವಳದಲ್ಲ. ಸಾರಿನಪುಡಿಯ ಗುಟ್ಟನ್ನು ಬಸ್‌ಸ್ಟಾಪಿನಲ್ಲಿ ಗುರುತಿಲ್ಲದವರಿಗೂ ಹೇಳಿದವಳು.

ಸಂಜೆ ದೀಪ ಹಚ್ಚಿ, ಹೂವು ಕಟ್ಟುತ್ತಾ ನಾನೂ ಪದ್ಮನೂ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದೆವು. ಗೇಟು ಕಿರ್ ಎಂದಿತು. ಗೌರಮ್ಮ, ಕೈಯಲ್ಲಿ ಮುಚ್ಚಿದ ಹಿತ್ತಾಳೆ ಲೋಟ. ಕೂರಿ ಎಂದರೆ ಕೂರಲಿಲ್ಲ. ಜಗಳಕ್ಕೆ ಬಂದವರು ಸಾಮಾನ್ಯವಾಗಿ ಕೂರುವುದಿಲ್ಲ.

"ಕಮಲಮ್ಮ, ಅದೇನ್ ಹಿಟ್ಟು ಹಾಕ್ಸಿದ್ರಿ ಬೆಳಗ್ಗೆ?"

"ಯಾಕೆ ಗೌರಮ್ಮ?"

"ನಿಮ್ದು ಆದ್ಮೇಲೆ ನಂದು ಹುರಿಟ್ಟು ಬೀಸ್ದ. ಬೆಲ್ಲ ಹಾಕಿ ಉಂಡೆ ಕಟ್ಟಿ ಕೊಟ್ರೆ, ನಮ್ ಹೈಕ್ಳು ಬಾಯಿಗಿಟ್ಟು ಉಗುದ್ವು. ಬಚ್ಚಲಮನೆ ವಾಸ್ನೆ ಬತ್ತದೆ ಅಂತವೆ. ನೀವೇ ನೋಡಿ," ಎಂದು ಲೋಟದ ಮುಚ್ಚಳ ತೆಗೆದು ಪದ್ಮನ ಮುಂದೆ ಹಿಡಿದರು.

ನಾನು ಕ್ಷಮೆ ಕೇಳಲು ಬಾಯಿ ತೆರೆದಿದ್ದೆ. ಪದ್ಮ, ಮಿಲ್ಲಿನಲ್ಲಿ ನಿಂತ ಚಿಕ್ಕ ಹುಡುಗಿಯ ಹಾಗೆ, ಒಂದು ಚಿಟಿಕೆ ತೆಗೆದು ಅಂಗೈಗೆ ಹಾಕಿಕೊಂಡಳು. ಬಾಯಿಯ ಹತ್ತಿರ ಹೋದ ಕೈ ನಡುವೆ ನಿಂತಿತು. ಅಂಗೈಯನ್ನು ಮೂಗಿಗೆ ಒತ್ತಿಕೊಂಡಳು. ಆಮೇಲೆ ಎದ್ದು, ಹೂವಿನ ಬುಟ್ಟಿ ದಾಟಿ ಒಳಗೆ ಓಡಿ, ಅಮ್ಮನ ಡಬ್ಬ ಹಿಡಿದುಕೊಂಡು ಬಂದಳು. ತಳದಲ್ಲಿ ಉಳಿದಿದ್ದ ಚಿಟಿಕೆಯನ್ನು ಇನ್ನೊಂದು ಅಂಗೈಗೆ ಸುರಿದುಕೊಂಡು, ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದಳು.

"ಅಕ್ಕ, ಅಮ್ಮ," ಎಂದಳು.

ನಾನು ಬಗ್ಗಿ ಮೂಸಿದೆ. ಎರಡೂ ಅಂಗೈಯಲ್ಲಿ ಅವಳೇ ಇದ್ದಳು. ಹಬೆ, ಬಳೆ ಸದ್ದು, ಕಿವಿಯ ಹಿಂದಿನ ಒದ್ದೆ ಸೆರಗು ಎಲ್ಲ.

ಆಗ ನನಗೆ ಮಿಲ್ಲಿನ ಸಾಲು ಮತ್ತೆ ಕಂಡಿತು. ಗೋಧಿಯವರನ್ನು, ಅಕ್ಕಿಯವರನ್ನು ಒಬ್ಬೊಬ್ಬರನ್ನಾಗಿ ಮುಂದೆ ಕಳಿಸುತ್ತಾ ನಮ್ಮಮ್ಮ ಕಾಯುತ್ತಿದ್ದದ್ದು ಇದಕ್ಕೇ. ಹುರಿಹಿಟ್ಟಿನವರು ಬಂದು ಹೋದ ಮೇಲೆಯೇ ಅವಳು ಬುಟ್ಟಿ ಕೊಡುತ್ತಿದ್ದದ್ದು. ನಾವು ಅಂಗೈ ನೆಕ್ಕುತ್ತಿದ್ದ ಹೊತ್ತಿನಲ್ಲೇ. ಹುರಿದ ರಾಗಿ ಕಲ್ಲಿನ ಖಾರವನ್ನೆಲ್ಲ ಒರೆಸಿಕೊಂಡು ಹೋಗುತ್ತದೆಂದು ಅವಳ ಲೆಕ್ಕವಿದ್ದಿರಬೇಕು. ಹೋಗುವಾಗ ಅದು ತನ್ನ ಬಿಸಿ ಮರಳಿನ ವಾಸನೆಯನ್ನು, ಕಂದು ಚೂರನ್ನು ಕಲ್ಲಲ್ಲಿ ಬಿಟ್ಟು ಹೋಗುತ್ತಿತ್ತು. ಅಮ್ಮ ಅದನ್ನು ನನಗೆ ಹೇಳಲಿಲ್ಲ, ಯಾಕೆಂದರೆ ಅದು ಅವಳು ಹಾಕಿದ ಸಾಮಾನಲ್ಲ. ಬೇರೆಯವರ ಮನೆಯದು. ನಾನೋ, ಇವತ್ತು ಅದೇ ಹುರಿಹಿಟ್ಟಿನ ಚೀಲವನ್ನು ಹಿಂದೆ ತಳ್ಳಿ, ಒರೆಸಿದ ಕಲ್ಲಿಗಾಗಿ ಸುಳ್ಳು ಹೇಳಿ ಮುಂದೆ ನುಗ್ಗಿದ್ದೆ.

ಪದ್ಮ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು. ಎರಡು ಕೈಯಲ್ಲೂ ಹಿಟ್ಟಿದ್ದದ್ದರಿಂದ ಕಣ್ಣು ಒರೆಸಿಕೊಳ್ಳಲೂ ಆಗದೆ, ವರ್ಷದ ಮೇಲೆ ಎಷ್ಟೋ ದಿನಗಳಾದ ಅಳುವನ್ನು ಹಾಗೇ ಅಳುತ್ತಿದ್ದಳು. ನಾನು ಸೆರಗಿನ ಚುಂಗಿನಿಂದ ಅವಳ ಮುಖ ಒರೆಸಿದೆ. ನನ್ನ ಕಣ್ಣಿಗೆ ಚುಂಗು ಉಳಿಯಲಿಲ್ಲ.

ಗೌರಮ್ಮ ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಜಗಳ ಎಲ್ಲಿ ಹೋಯಿತೆಂದು ಅವರಿಗೆ ತಿಳಿಯಲಿಲ್ಲ. ಲೋಟವನ್ನು ಮೆಟ್ಟಿಲ ಮೇಲೆ ಇಟ್ಟು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಗೇಟಿನ ಕಡೆ ತಿರುಗುತ್ತಾ ಹೇಳಿದರು:

"ಹುರಿಟ್ಟಿಗೆ ಯಾಕವ್ವ ಅಳ್ತೀಯ, ಮನೇಲಿ ಇನ್ನೂ ಒಂದ್ ಚೀಲ ಅದೆ. ಕಳಿಸ್ತೀನಿ, ಮಡಿಕ್ಕೊ. ನಮ್ ಹೈಕ್ಳಂತೂ ಇನ್ ಮುಟ್ಟಾಕಿಲ್ಲ."